ವೈನಿಗೆ ಬೆಲ್ ಹೊಡೆಯುವುದು ಹೇಗೆ

ಶೇಂಗಾ ಹುರಿದ ವಾಸನೆ ಬಂದರೆ ಈಗ ನನ್ನ ಎದೆ ಧಸಕ್ಕೆನ್ನುತ್ತದೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ, ನಮ್ಮ ಮನೆಯಲ್ಲಿ ಹೋಳಿಗೆಯ ಹೂರಣಕ್ಕೆಂದು ಶೇಂಗಾ ಹುರಿಯುತ್ತಿದ್ದೆ. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ್ದ ಒಂದು ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ್ದ ಹೆಸರು ನಮ್ಮ ಮನೆಯವರದಲ್ಲ, ನಾಸಿಕದಲ್ಲಿ ನನ್ನ ತವರಿನ ಎದುರುಮನೆಯ ಕಾಕಾನದು. ಅವರ ಹೆಂಡತಿ, ನನಗೆ ಕಾಕು, ಅಪ್ಪನಿಗೆ ವೈನಿ ಎಂದರೆ ಅತ್ತಿಗೆ, ಯಾವಾಗಲೋ ಅದರಲ್ಲಿ ಉಂಡಿ ತುಂಬಿ ಕಳಿಸಿದ್ದರು. ನಮ್ಮ ಕಡೆ ಡಬ್ಬಿ ಖಾಲಿ ವಾಪಸು ಕೊಡುವುದಿಲ್ಲವಲ್ಲ, ಈ ಸಲ ಹೋಳಿಗೆ ತುಂಬಿಕೊಂಡು ಹೋಗೋಣವೆಂದು ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಅಪ್ಪನ ಫೋನ್ ಬಂತು.

"ವೈನಿ ಹೋದ್ರವಾ," ಎಂದರು ಅಪ್ಪ.

ಎಲ್ಲಿಗೆ ಎಂದು ಕೇಳಿದೆ ನೋಡಿ ನಾನು! ಕಾಕು ಆಫೀಸಿಗೆ ಹೊರಟು, ಚಪ್ಪಲಿ ಹಾಕಿಕೊಳ್ಳಲು ಹೊಸ್ತಿಲ ಹತ್ತಿರ ಕೂತವರು ಏಳಲೇ ಇಲ್ಲವಂತೆ. ನಿವೃತ್ತಿಗೆ ಇನ್ನೂ ಎಷ್ಟೋ ವರ್ಷಗಳಿದ್ದವು. ಒಲೆಯ ಮೇಲೆ ಶೇಂಗಾ ಸೀದು ಕರಕಲಾದದ್ದು ನನಗೆ ಆಮೇಲೆ ಗೊತ್ತಾಯಿತು.

ಕಾಕಾ ಹೋದದ್ದೂ ಹೀಗೇ. ನಾನಾಗ ಕಾಲೇಜಿನಲ್ಲಿದ್ದೆ. ಅಪ್ಪ, ಕಾಕಾ ಇಬ್ಬರೂ ಬೀದರ್ ಕಡೆಯವರು, ನಾಸಿಕದ ಒಂದೇ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಒಂದು ಮಧ್ಯಾಹ್ನ ಕಾಕಾ ಊಟ ಮುಗಿಸಿ, ಡಬ್ಬಿ ತೊಳೆದಿಟ್ಟು, ಕುರ್ಚಿಗೆ ಒರಗಿದವರು ಒರಗಿದಂತೆಯೇ ಉಳಿದರು. ಭಾಲ್ಕಿ ಹತ್ತಿರದ ಅವರ ಊರಿಗೆ ಒಯ್ದು ಮಣ್ಣು ಮಾಡಿದರು. ಕಾಕುವಿನ ಮಡಿಲಲ್ಲಿ ಇನ್ನೂ ಮಾತು ಕಲಿಯುತ್ತಿದ್ದ ಕೂಸು.

ಅಲ್ಲೇ ಊರಲ್ಲಿ ಕಾಕಾನ ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲೇ ಹಿರಿಯರು ಮಾತು ತೆಗೆದರು. ಸೇವೆಯಲ್ಲಿರುವಾಗ ತೀರಿಕೊಂಡವರ ಮನೆಯ ಒಬ್ಬರಿಗೆ ಸರ್ಕಾರ ಅನುಕಂಪದ ನೌಕರಿ ಕೊಡುತ್ತದೆ ಎಂಬುದು ಅವರ ಕಿವಿಗೂ ಬಿದ್ದಿತ್ತು. ಅದನ್ನು ಅವರು ಹೊಲ ಅಂದುಕೊಂಡುಬಿಟ್ಟಿದ್ದರು! ಅಣ್ಣನದು ತಮ್ಮನಿಗೆ, ಮುಗಿಯಿತು. ಕಾಕುವಿನ ಮೈದುನ ಆಗಲೇ ನಾಸಿಕಕ್ಕೆ ಹೊರಡಲು ಹೊಸ ಅಂಗಿ ಹೊಲಿಸಿಕೊಂಡಿದ್ದ.

"ತಮ್ಮಗ ಹಚ್ಚಿಬಿಡ್ರಿ ನೌಕರಿ. ಇಕಿ, ಕೂಸು ಊರಾಗ ಇರ್ಲಿ. ಎರಡು ಹೊತ್ತು ರೊಟ್ಟಿಗೇನ್ ಕಡಿಮಿ?" ಎಂದರು ಒಬ್ಬ ಹಿರಿಯರು.

ಅಪ್ಪ ಕೈಯ ತುತ್ತು ಕೆಳಗಿಟ್ಟರು. "ಹೆಂಡ್ತಿ ಇರೂ ಮುಂದ ತಮ್ಮಗ ಕೊಡೂದಿಲ್ರಿ. ಮೊದಲ ಹಕ್ಕು ವೈನೀದು. ಹತ್ತನೇ ಇಯತ್ತೆ ಕಲ್ತಾರ, ಜವಾನ ಕೆಲಸ ಸಿಗಬಹುದು."

ಯಾರೋ ನಕ್ಕರು. ಆಗ ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದ ಕಾಕು ನಿಂತರು. ಹಿರಿಯರೆದುರು ಅವರ ದನಿ ನಾನು ಕೇಳಿದ್ದೇ ಇಲ್ಲ. "ನಾ ಹೋಗ್ತೀನ್ರಿ ನೌಕರಿಗೆ," ಎಂದರು.

ಮೂಲೆಯಲ್ಲಿ ಕೂತಿದ್ದ ಅವರ ಅತ್ತೆ ನೆಲಕ್ಕೆ ಅಂಗೈ ಬಡಿದರು. "ಗಂಡ ಕುಂತ ಕುರ್ಚಿ ಮುಂದ ನೀರಿನ ಗ್ಲಾಸ್ ಹಿಡ್ಕೊಂಡು ನಿಂದರ್ತೀಯೇನ? ನಾಚಿಕಿ ಆಗೂದಿಲ್ಲೇನ?"

"ನಿಂದರ್ತೀನ್ರಿ ಅತ್ತಿ. ಮಗಳನ್ನ ಓದಿಸಬೇಕು ನನಗ."

ಅಷ್ಟು ಹೇಳಿ, ಮುಂದಿನ ಎಲೆಗೆ ಬಾಗಿ ಸಾರು ಬಡಿಸಿದರು.

ದಾಖಲೆ ತೋರಿಸಲು ಅವರನ್ನು ಸಂಭಾಜಿನಗರದ ದೊಡ್ಡ ಆಫೀಸಿಗೆ ಕರೆಸಿದಾಗ, ಮರಾಠಿಗೆ ಆಸರೆಯಾಗಿ ನಾನೂ ಹೋದೆ. ಮನ್ಮಾಡ್ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಕಾಕು ಇದೇ ಡಬ್ಬಿ ತೆರೆದು ನನಗೆ ಚಪಾತಿ ಪಲ್ಯ ಕೊಟ್ಟರು. ಸಾಹೇಬರು ಏನಾದರೂ ಕೇಳಿದರೆ ಹೇಗೆ ಎಂದು ನಾನು ಹೆದರಿದ್ದೆ. "ಪಾಣಿ ಅಂದ್ರ ಗೊತ್ತದ, ಚಹಾ ಅಂದ್ರ ಗೊತ್ತದ, ಫಾಯಿಲ್ ಅಂದ್ರ ಗೊತ್ತದ. ಇನ್ನೇನ್ ಕಲೆಕ್ಟರ್ ಮಾಡ್ತಾರೇನ ನನ್ನ?" ಎಂದು ಅವರೇ ನಕ್ಕರು... ಆ ನಗು ಎಷ್ಟು ಕಷ್ಟದ್ದೋ, ಆಗ ನನಗೆಲ್ಲಿ ತಿಳಿಯಬೇಕು.

ಬಹಳ ದಿನ ಕಾಯಿಸಿ ಕೊನೆಗೆ ನೌಕರಿ ಕೊಟ್ಟರು, ಅದೂ ಕಾಕಾನ ಸೆಕ್ಷನ್ನಿನಲ್ಲೇ. ಅಲ್ಲಿನ ಮರಾಠಿ ಗುಮಾಸ್ತರೆಲ್ಲ ಕಾಕುವಿನ ಕೈಯ ಜೋಳದ ರೊಟ್ಟಿ ಉಂಡವರು, "ವೈನಿ, ವೈನಿ" ಎಂದು ಕರೆಯುತ್ತಿದ್ದವರು. ವೈನಿಗೆ ಬೆಲ್ ಹೊಡೆಯುವುದು ಹೇಗೆ? ಒಬ್ಬರೂ ಹೊಡೆಯಲಿಲ್ಲ. ತಾವೇ ಎದ್ದು ಹೋಗಿ ನೀರು ಕುಡಿದರು, ಫೈಲು ತಾವೇ ಹೊತ್ತರು. ಕಾಕು ಬಾಗಿಲ ಬಳಿಯ ಸ್ಟೂಲಿನ ಮೇಲೆ ಸುಮ್ಮನೆ ಕೂತರು. ಹೀಗೇ ಒಂದು ವಾರವೋ ಏನೋ. ಒಂದು ದಿನ ಎದ್ದು ಸೀದಾ ಕಾಕಾನ ಟೇಬಲ್ಲಿನ ಹತ್ತಿರ ಹೋದರಂತೆ. ಅಲ್ಲೀಗ ಅಪ್ಪ ಕೂರುತ್ತಿದ್ದರು. ಬೆಲ್ಲನ್ನು ಅಪ್ಪನ ಮುಂದಕ್ಕೆ ನೂಕಿದರಂತೆ.

"ಹೊಡೀರಿ ಅಣ್ಣಾರ. ಬಿಟ್ಟಿ ಪಗಾರ ತಿಂದ್ರ ನನ್ನ ಮಗಳಿಗೆ ಅರಗೂದಿಲ್ಲ."

ಅಪ್ಪ ಬೆಲ್ ಹೊಡೆದರು. ಅಂದು ಸಂಜೆ ಮನೆಗೆ ಬಂದು, ಚಹಾ ಕೂಡ ಮುಟ್ಟದೆ ಬಿಕ್ಕಿ ಬಿಕ್ಕಿ ಅತ್ತರು. ನನ್ನಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಳೆದ ಮಳೆಗಾಲದಲ್ಲಿ ಕಾಕುವಿನ ಶಿವಗಣಾರಾಧನೆ, ನಾಸಿಕದ ಮನೆಯಲ್ಲಿ. ಅದೇ ಊರಿನ ಜನ, ಅದೇ ಮಾತು! ನನಗೆ ನಂಬಲಾಗಲಿಲ್ಲ. ನೌಕರಿ ಮತ್ತೆ ಖಾಲಿಯಾಗಿದೆ, ಹುಡುಗಿ ನಾಳೆ ಇನ್ನೊಬ್ಬರ ಮನೆ ಸೇರುವವಳು, ಮೈದುನನ ಮಗನಿಗೆ ಏನಾದರೂ ದಾರಿಯಿದೆಯೇ ಎಂದು ಅಪ್ಪನನ್ನು ಕೇಳುತ್ತಿದ್ದರು. ಅಷ್ಟರಲ್ಲಿ ಮೂಲೆಯಿಂದ ಧಪ್ಪೆಂದು ಸದ್ದು. ಆ ಮುದುಕಿ, ಕಾಕುವಿನ ಅತ್ತೆ, ಮತ್ತೆ ನೆಲಕ್ಕೆ ಅಂಗೈ ಬಡಿದಿದ್ದರು.

"ಬಾಯಿ ಮುಚ್ರಿ ಎಲ್ಲಾರೂ. ಕೂಸಿನ್ನ ಕೇಳ್ರಿ ಮೊದಲ."

ಕೂಸು ಈಗ ಪದವಿ ಮುಗಿಸಿದ ಹುಡುಗಿ. ಕನ್ನಡ ಪೂರಾ ತಿಳಿಯುತ್ತದೆ, ಆಡುವಾಗ ಮರಾಠಿ ನುಗ್ಗುತ್ತದೆ. ಅಜ್ಜಿಯ ಕಡೆಗಷ್ಟೇ ನೋಡಿ ಹೇಳಿದಳು: "ಆಜೀ, ಈ ನೌಕರಿ ನಮ್ಮ ಘರಕ್ಕೆ ಯಾರಾದ್ರೂ ಸತ್ತಾಗಷ್ಟೇ ಬರ್ತದ. ಮಲಾ ನಕೋ."

ಬೇಡವಂತೆ. ಸರ್ಕಾರಿ ನೌಕರಿ, ಕಾಕು ಸ್ಟೂಲಿನ ಮೇಲೆ ಕೂತು ಕೂತು ಉಳಿಸಿಕೊಂಡದ್ದು! ಹುಚ್ಚೇನೇ ನಿನಗೆ ಎಂದು ಬೈಯಲು ಬಾಯಿ ತೆರೆದೆ. ಅದಕ್ಕೆ ಮೊದಲೇ ಮುದುಕಿ ಮೊಮ್ಮಗಳ ಕೈ ಹಿಡಿದುಕೊಂಡು ಹಾಗೇ ಕೂತುಬಿಟ್ಟರು.

ಡಬ್ಬಿ ಆಗಲೂ ಒಯ್ಯಲಿಲ್ಲ. ಸಾವಿನ ಮನೆಗೆ ಹೋಳಿಗೆ ಒಯ್ಯುವ ಹಾಗಿಲ್ಲ, ಖಾಲಿ ಕೊಡಲು ಮನಸ್ಸು ಬರಲಿಲ್ಲ. ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಬೋರಲು ಹಾಕಿಟ್ಟೆ, ಹೆಸರು ಕಾಣದ ಹಾಗೆ.

ನಿನ್ನೆ ಆ ಹುಡುಗಿ ಫೋನ್ ಮಾಡಿದ್ದಳು. ನಾಸಿಕದ ಹತ್ತಿರದ ಘೋಟಿಯ ಒಂದು ಶಾಲೆಯಲ್ಲಿ ಕೆಲಸವಂತೆ, ದಿನಾ ಬಸ್ಸಿನಲ್ಲಿ ಹೋಗಿಬರಬೇಕು. "ಅಕ್ಕಾ, ನೌಕರಿ ಸಿಕ್ತು," ಎಂದಳು. ಆ ಬೆನ್ನಿಗೇ, "ಯಾರೂ ಸತ್ತಿಲ್ಲ," ಎಂದಳು.

ಫೋನ್ ಇಟ್ಟು ಡಬ್ಬಿ ಇಳಿಸಿದೆ, ಹೋಳಿಗೆಗೆಂದು ಶೇಂಗಾ ಹುರಿಯಲಿಟ್ಟೆ. ಹುರಿದಷ್ಟೂ ಹೊತ್ತು ಕಣ್ಣು ಒರೆಸಿಕೊಳ್ಳುವುದೇ ಆಯಿತು... ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು ಕಾಕು.