ಆನವಟ್ಟಿಯಲ್ಲಿ ಕೊಡೆ ಬಿಚ್ಚಿದೆ

ಆನವಟ್ಟಿಯ ಬಸ್‌ಸ್ಟ್ಯಾಂಡಿನ ಎದುರು ಕೊಡೆ ರಿಪೇರಿ ಮಾಡುತ್ತಿದ್ದ ಗುಲಾಬ್ ಸಾಬರಿಗೆ ಮಳೆ ಬಂದರೆ ಹೊಟ್ಟೆ ತುಂಬುತ್ತಿತ್ತು, ಬರದಿದ್ದರೆ ಇಲ್ಲ. ಅಂಥವರನ್ನು ಮಳೆಯ ವಿಚಾರ ಕೇಳಬಾರದು, ಕೇಳಿದರೂ ನಂಬಬಾರದು. ಆದರೆ ಐವತ್ತೆಂಟನೇ ಇಸವಿಯ ಹೊತ್ತಿಗೆ ಆ ಸೀಮೆಯ ರೈತರು ಕೇಳುತ್ತಿದ್ದುದು ಅವರನ್ನೇ, ನಂಬುತ್ತಿದ್ದುದೂ ಅವರನ್ನೇ. ಇದು ಹೇಗೆ ಅಂತ ಅವರ ಹೆಂಡತಿ ಕುಬ್ರಾ ಬೀಗೆ ಕೊನೆಗೂ ಅರ್ಥವಾಗಿರಲಿಲ್ಲ. ಮನೆಯಲ್ಲಿ ಉಪ್ಪಿನ ಗಡಿಗೆ ಎಲ್ಲಿದೆ ಅಂತ ಗೊತ್ತಿಲ್ಲದ ಮನುಷ್ಯನಿಗೆ ಮೋಡ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ ಎಂದು ಅವಳು ಅಕ್ಕಪಕ್ಕದವರ ಹತ್ತಿರ ನಗಾಡುತ್ತಿದ್ದಳು.

ಸಾಬರ ಪದ್ಧತಿ ಸರಳವಾಗಿತ್ತು. ಅಂಗಡಿಯ ಹಿಂಭಾಗವೇ ಮನೆ, ಮುಂಭಾಗದಲ್ಲಿ ಸೂರಿಗಿಂತ ಎತ್ತರದ ಒಂದು ಬಿದಿರು ಗಳ. ಬೆಳಗಿನ ನಮಾಜು ಮುಗಿಸಿ ಹೊಲಿಗೆ ದಾರಕ್ಕೆ ಮೇಣ ಎಳೆಯಲು ಕೂರುತ್ತಿದ್ದರು. ದಾರ ಬೆರಳಿಗೆ ಹೇಗೆ ಅಂಟುತ್ತದೆ, ಕೊಡೆಯ ಬಟ್ಟೆ ಕಡ್ಡಿಯ ಮೇಲೆ ಬಿಗಿಯಾಗಿದೆಯೋ ಜೋಲಾಗಿದೆಯೋ, ಗಾಳಿ ಯಾವ ಕಡೆಯದು, ಇವನ್ನೆಲ್ಲ ನೋಡಿಕೊಂಡು ಗಳದ ತುದಿಗೆ ಹಳೆಯ ಕರಿ ಕೊಡೆಯೊಂದನ್ನು ಕಟ್ಟಿ ನಿಲ್ಲಿಸುತ್ತಿದ್ದರು. ಕೊಡೆ ಮುಚ್ಚಿದ್ದರೆ ಮಳೆ ಇಲ್ಲ, ಬಿಚ್ಚಿದ್ದರೆ ಉಂಟು. ಬಸ್ಸಿನ ಕಂಡಕ್ಟರುಗಳು ಅದನ್ನು ನೋಡಿಕೊಂಡು, ಒಂದು ಕಡೆ ಸೊರಬದವರೆಗೆ, ಇನ್ನೊಂದು ಕಡೆ ಶಿಕಾರಿಪುರದವರೆಗೆ, ದಾರಿಯ ಊರೂರಲ್ಲಿ ಬಾಗಿಲಿಗೆ ಜೋತುಬಿದ್ದು ಕೂಗುತ್ತಿದ್ದರು.

"ಆನವಟ್ಟಿಯಾಗೆ ಕೊಡೆ ಬಿಚ್ಚೈತ್ರಪ್ಪೋ!"

ಬಟ್ಟೆ ಅಂಗಡಿಯ ಮಲ್ಲಿಕಾರ್ಜುನಪ್ಪನವರು ರೇಡಿಯೋ ತಂದ ಮೇಲೆ ಸಾಬರ ಕಾಲ ಮುಗಿಯಿತು ಅಂದವರಿದ್ದರು. ರೇಡಿಯೋ ಗಂಭೀರವಾಗಿ, ಒಳನಾಡಿನಲ್ಲಿ ಅಲ್ಲಲ್ಲಿ ಮಳೆಯಾಗುವ ಸಂಭವವಿದೆ ಎಂದಿತು. "ಈ ಅಲ್ಲಲ್ಲಿ ಅಂಬೋದು ಯಾವ ಹೋಬಳಿಗೆ ಬರ್ತದ್ರೀ?" ಎಂದು ಹೋಟೆಲಿನ ಬೆನಕಪ್ಪ ಕೇಳಿದ. ಮಲ್ಲಿಕಾರ್ಜುನಪ್ಪನವರು ತಾವೂ ನಕ್ಕು, ಗಳ ನೋಡಲು ಹೊರಗೆ ಬಂದರು.

ಸಾಬರ ಲೆಕ್ಕ ತಪ್ಪುತ್ತಲೇ ಇರಲಿಲ್ಲ ಅಂತಲ್ಲ. ಎಷ್ಟೋ ಸಲ ತಪ್ಪುತ್ತಿತ್ತು. ತಪ್ಪಿದ ಮಾರನೇ ದಿನ ತಾವಾಗಿಯೇ ಬೆನಕಪ್ಪನ ಹೋಟೆಲಿಗೆ ಹೋಗಿ, ಕೂತವರೆಲ್ಲರ ಎದುರು, "ನಿನ್ನೆ ನಂದು ತಪ್ಪಾಯ್ತು" ಅಂದು ಬರುತ್ತಿದ್ದರು. ನೆಪ ಹೇಳುತ್ತಿರಲಿಲ್ಲ. ಕೊಡೆ ವ್ಯಾಪಾರ ಕುದುರಲಿ ಅಂತ ಒಂದು ದಿನವೂ ಸುಳ್ಳು ಕೊಡೆ ಬಿಚ್ಚಿದವರಲ್ಲ. ಜನಕ್ಕೆ ಅವರೆಂದರೆ ಪ್ರೀತಿಯಿದ್ದುದು ಇದಕ್ಕೇ, ಕುಬ್ರಾ ಬೀಗೂ ಇದಕ್ಕೇ, ಆದರೆ ಅವಳು ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಆ ವರ್ಷದ ಸುಗ್ಗಿಯಲ್ಲಿ ಒಂದು ಸಂತೆಯ ದಿನ ಸಾಬರು ಕೊಡೆ ಮುಚ್ಚಿ ಕಟ್ಟಿ, ಕಡ್ಡಿ ತಂತಿ ತರಲು ಶಿಕಾರಿಪುರದ ಬಸ್ಸು ಹತ್ತಿದರು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಕುಬ್ರಾ ಬೀ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅಂಗಡಿ ಮುಂದೆ ಹೇಂಟೆ ಒಂದೇ ಸಮನೆ ಕಿರುಚಿಕೊಂಡಿತು. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದು ನೋಡಿದರೆ ಹದ್ದೊಂದು ಮರಿಗಳ ಮೇಲೆ ಎರಗುತ್ತಿದೆ. ಕೈಗೆ ಸಿಕ್ಕಿದ್ದು ಗಳ. ಕೆಳಗಿಳಿಸಿ, ತುದಿಯ ಕೊಡೆಯನ್ನು ಪಟ್ಟನೆ ಬಿಚ್ಚಿ, ಹದ್ದಿನ ಕಡೆಗೆ ಬೀಸಿಯೇ ಬೀಸಿದಳು. ಹದ್ದು ಹೆದರಿ ಮೇಲೆದ್ದಿತು, ಆದರೆ ಹೋಗದೆ ಅಲ್ಲೇ ಸುತ್ತುತ್ತಿತ್ತು. ಒಳಗೆ ರೊಟ್ಟಿ ಸೀದ ವಾಸನೆ ಬಂತು. ಹದ್ದಿಗೆ ಕಾಣುವಂತಿರಲಿ ಎಂದು ಗಳವನ್ನು ಹಾಗೇ ನಿಲ್ಲಿಸಿ ಒಳಗೆ ಓಡಿದಳು.

ಹದ್ದಿಗೆ ಕಂಡಿತು. ಸಂತೆಗೂ ಕಂಡಿತು.

ಬಿಸಿಲು ನೆತ್ತಿ ಸುಡುತ್ತಿದೆ, ಮೇಲೆ ಕೊಡೆ ಬಿಚ್ಚಿದೆ. ಯಾರೊಬ್ಬರೂ ಆಕಾಶ ನೋಡಲಿಲ್ಲ. ಸುಗ್ಗಿಯ ಕಾಲ, ಎಲ್ಲರ ಭತ್ತವೂ ಕಣದಲ್ಲಿ ಬಿದ್ದಿತ್ತು. ಸಂತೆಗೆ ಸಂತೆಯೇ ಎದ್ದೆನೋ ಬಿದ್ದೆನೋ ಎಂದು ಗಂಟು ಕಟ್ಟಿತು. ಹೊಸಬಾಳೆ ಊರಿನಿಂದ ಬಾಳೆಹಣ್ಣು ತಂದಿದ್ದ ಬಂಗಾರಮ್ಮ, ಗಂಡನಿಲ್ಲದೆ ಒಬ್ಬಳೇ ಗದ್ದೆ ಮಾಡಿಸುತ್ತಿದ್ದವಳು, ಬುಟ್ಟಿಯನ್ನು ಬೆನಕಪ್ಪನ ಜಗಲಿಗೆ ಎಸೆದು ಹೊರಟಿದ್ದ ಬಸ್ಸಿಗೆ ಜೋತುಬಿದ್ದಳು. ಕುಬ್ರಾ ಬೀ ರೊಟ್ಟಿ ಮುಗಿಸಿ ಹೊರಗೆ ಬಂದಾಗ ಬೀದಿಯಲ್ಲಿ ಒಂದು ದನ ಯಾರದೋ ಸೊಪ್ಪನ್ನು ನಿಧಾನವಾಗಿ ಮೇಯುತ್ತಿತ್ತು.

ಅತ್ತ ಸಾಬರು ವಾಪಸು ಬರುವಾಗ ದಾರಿಯ ಬಂದಳಿಕೆ ಊರಿನ ಆಚೀಚೆ ಜನ ರಣಬಿಸಿಲಿನಲ್ಲಿ ಭತ್ತದ ರಾಶಿಗೆ ಹುಲ್ಲು ಹೊದಿಸುತ್ತಿದ್ದುದು ಕಂಡಿತು. ಅವರು ಬಸ್ಸಿನ ಕಿಟಕಿಯಿಂದ ಆಕಾಶ ನೋಡಿದರು, ಗಾಳಿಗೆ ಕೈಯೊಡ್ಡಿದರು. ಏನೂ ತಿಳಿಯಲಿಲ್ಲ.

"ಮಳೆ ಬರ್ತದಂತಾ? ಯಾರು ಹೇಳಿದ್ರು?" ಎಂದು ಕಂಡಕ್ಟರನ್ನು ಕೇಳಿದರು.

"ನೀವೇ ಹೇಳೀರಂತಲ್ರೀ ಸಾಬ್ರೇ!"

ಒಂದು ಹನಿಯೂ ಬೀಳಲಿಲ್ಲ. ಮಾರನೇ ದಿನ ಸಾಬರು ಎಂದಿನಂತೆ ಹೋಟೆಲಿಗೆ ಹೊರಟಾಗ ಕುಬ್ರಾ ಬೀ ಬಾಗಿಲಿಗೆ ಅಡ್ಡ ನಿಂತಳು.

"ಹದ್ದಿನ ಕಥೆ ಹೇಳಿಬಿಡ್ರೀ. ಬಿಚ್ಚಿದ್ದು ನಾನು ಅಂತ ಹೇಳಿ."

"ಸಂತೆಯಾಗೆ ನಿನ್ನ ಹೆಸರು ಯಾಕೆ ಎಳೆಯೋದು? ಕೊಡೆ ನಂದು, ಗಳ ನಂದು" ಎಂದು ಹೋಗಿ, "ನಂದು ತಪ್ಪಾಯ್ತು" ಅಂದು ಬಂದರು.

ಈ ಸಲ ಜನ ಅಷ್ಟಕ್ಕೆ ಬಿಡಲಿಲ್ಲ. ವ್ಯಾಪಾರವೆಲ್ಲ ಹಾಳಾಗಿತ್ತು, ಬಂಗಾರಮ್ಮನ ಬಾಳೆಹಣ್ಣು ಬೆನಕಪ್ಪನ ಜಗಲಿಯ ಮೇಲೆ ಕರ್ರಗಾಗಿತ್ತು. "ವಯಸ್ಸಾತು ಬಿಡ್ರೀ ಅವರಿಗೆ, ಬಿಸಿಲೂ ಕಾಣಂಗಿಲ್ಲ" ಎಂದು ಮುಂದಿನ ಸಂತೆಗೆ ಬಂದ ಬಂಗಾರಮ್ಮ ಅಂಗಡಿಗೆ ಕೇಳುವಂತೆಯೇ ಅಂದಳು. ಹುಡುಗರು ಉರಿಬಿಸಿಲಿನಲ್ಲಿ ಕೊಡೆ ಹಿಡಿದು ಅಂಗಡಿ ಮುಂದೆ ಓಡಾಡಿದರು. ಸಾಬರು ಗಳ ಇಳಿಸಿ ಹಿತ್ತಲಿಗೆ ಹಾಕಿದರು. ಅವತ್ತಿನಿಂದ ಅವರು ಮೇಣದ ದಾರ ಎಳೆಯುವಾಗ ತಲೆಯೆತ್ತಿ ಗಾಳಿ ನೋಡುವುದನ್ನೂ ಬಿಟ್ಟರು. ಇದನ್ನು ನೋಡಿ ಕುಬ್ರಾ ಬೀ, ತನ್ನ ಒಂದು ಕೋಳಿಮರಿಗಾಗಿ ಗಂಡನ ಮಾತು ಮೂರಾಬಟ್ಟೆಯಾಯಿತಲ್ಲ ಎಂದು ಹೇಂಟೆಗೇ ಬೈಯುತ್ತಿದ್ದಳು.

ಕೆಲವು ವಾರ ಕಳೆದು ಇನ್ನೊಂದು ಸಂತೆಯ ಬೆಳಿಗ್ಗೆ. ಸಾಬರ ಕೈಯಲ್ಲಿದ್ದ ದಾರ ನಿಂತಿತು. ಬೆರಳು ಉಜ್ಜಿ ನೋಡಿಕೊಂಡರು. ಹೊಲಿಯುತ್ತಿದ್ದ ಕೊಡೆಯ ಬಟ್ಟೆ ಒತ್ತಿದರು.

"ಬರ್ತದಾ?" ಎಂದು ಕುಬ್ರಾ ಬೀ ಕೇಳಿದಳು.

"ಬರ್ತದೆ. ಮಧ್ಯಾಹ್ನಕ್ಕೆಲ್ಲ ಬಂದುಬಿಡ್ತದೆ. ಅಕಾಲದ ಮಳೆ, ಜೋರೇ ಇರ್ತದೆ."

ಕಣಗಳಲ್ಲಿ ಬಡಿದ ಭತ್ತ ಇನ್ನೂ ರಾಶಿ ರಾಶಿ ಇತ್ತು. ಸಾಬರಿಗೆ ತಡೆಯಲಾಗಲಿಲ್ಲ. ಎದ್ದು ಬೆನಕಪ್ಪನ ಹೋಟೆಲಿಗೆ ಹೋಗಿ ಹೇಳಿದರು. "ಸಾಬ್ರೇ, ಮೊನ್ನೆ ಬಂದ ಮಳೆಗೇ ಇನ್ನೂ ನನ್ನ ಪಂಚೆ ಒಣಗಿಲ್ಲ!" ಅಂದ ಬೆನಕಪ್ಪ. ಹೋಟೆಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಬರೂ ಸ್ವಲ್ಪ ನಕ್ಕು, ಮನೆಗೆ ಬಂದು, ಮತ್ತೆ ಸೂಜಿ ಹಿಡಿದು ಕೂತರು.

ಕುಬ್ರಾ ಬೀ ಹಿತ್ತಲಿನಿಂದ ಗಳ ಎಳೆದು ತಂದಳು. ಕರಿ ಕೊಡೆಯನ್ನು ಗಂಡನ ಮುಂದೆ ಹಿಡಿದಳು.

"ಬಿಚ್ಚಿ."

"ಯಾರು ನೋಡ್ತಾರೆ ಬಿಡು."

"ಅದು ನನಗಿರಲಿ. ನೀವು ನಿಮ್ಮ ಕೈಯಾರೆ ಬಿಚ್ಚಿ ಕೊಡಿ, ಸಾಕು."

ಅವರು ಬಿಚ್ಚಿದರು. ಅವಳು ಗಳಕ್ಕೆ ಕಟ್ಟಿ, ಸೆರಗು ತಲೆಗೆಳೆದುಕೊಂಡು, ಗಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಸಂತೆಗೆ ನಡೆದಳು. ಮದುವೆಯಾಗಿ ಬಂದಾಗಿನಿಂದ ಅವಳು ಸಂತೆಯೊಳಗೆ ಕಾಲಿಟ್ಟವಳಲ್ಲ, ಸಾಮಾನೆಲ್ಲ ಸಾಬರೇ ತರುತ್ತಿದ್ದರು. ಗಳ ಭಾರಕ್ಕೆ ಆ ಕಡೆ ಈ ಕಡೆ ವಾಲುತ್ತಿತ್ತು. ಜನ ದಾರಿ ಬಿಟ್ಟರು. ಸೀದಾ ಹೋಗಿ ಬಂಗಾರಮ್ಮನ ಬುಟ್ಟಿಯ ಮುಂದೆ ನಿಂತಳು.

"ಮೊನ್ನೆ ಕೊಡೆ ಬಿಚ್ಚಿದ್ದು ನಾನು ಕಣಮ್ಮಾ. ಕೋಳಿಮರಿಗೆ ಹದ್ದು ಎರಗಿತ್ತು, ಅದನ್ನ ಓಡಿಸಾಕೆ ಬಿಚ್ಚಿದೆ. ಅವರು ಊರಾಗೇ ಇರಲಿಲ್ಲ. ಇವತ್ತು ಬಿಚ್ಚಿರೋದು ಅವರು."

ಬಂಗಾರಮ್ಮ ಗಳದ ತುದಿಯವರೆಗೂ ಕಣ್ಣು ಹಾಯಿಸಿ, ಮತ್ತೆ ಇವಳ ಮುಖ ನೋಡಿದಳು.

"ಮರಿ ಉಳೀತಾ?"

"ಉಳೀತು."

"ಅಯ್ಯೋ ನನ್ನ ಶಿವನೇ, ಹದ್ದಿಗೆ ಬಿಚ್ಚಿದ ಕೊಡೆಗೆ ನಾನು ಬಾಳೆಹಣ್ಣು ಬಿಸಾಕಿ ಓಡಿದ್ನಾ!" ಎಂದು ನಗುತ್ತಲೇ ಅವಳು ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟಳು. ನಗುತ್ತಲೇ ಬಸ್ಸಿನ ಕಡೆ ಓಡಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಗಂಟು ಕಟ್ಟಿದರು. ಪಂಚೆ ಒಣಗದ ಬೆನಕಪ್ಪನೂ ತನ್ನ ಕಣಕ್ಕೆ ಆಳು ಅಟ್ಟಿದ. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, ಕೊಡೆ ಬಿಚ್ಚೈತೆ, ಈ ಸಲ ಸಾಬ್ರದೇ, ಎಂದು ಕೂಗುವುದು ದೂರದವರೆಗೂ ಕೇಳಿಸುತ್ತಿತ್ತು.

ಮಧ್ಯಾಹ್ನ ಮಳೆ ಬಂತು, ದಬದಬ ಬಂತು. ಕುಬ್ರಾ ಬೀ ಇನ್ನೂ ಬೀದಿಯಲ್ಲೇ ಗಳ ಹಿಡಿದು ನಿಂತಿದ್ದಳು, ತಡವಾಗಿ ಬಂದವರಿಗೂ ಕಾಣಲಿ ಅಂತ. ಸಾಬರು ಓಡಿ ಬಂದು ಅವಳ ಜೊತೆ ಗಳಕ್ಕೆ ಕೈ ಹಾಕಿದರು. ಕೊಡೆ ಎಲ್ಲೋ ಮೇಲೆ, ಇವರಿಬ್ಬರೂ ಕೆಳಗೆ ತೊಯ್ದು ತೊಪ್ಪೆ. ಕೊಡೆ ಇಳಿಸಿಕೊಳ್ಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಹೊಳೆದಾಗ ಸಾಬರು ನಗಲು ಶುರುಮಾಡಿದರು. ಅವರು ಹಾಗೆ ನಕ್ಕು ಎಷ್ಟು ದಿನವಾಗಿತ್ತು ಎಂದು ಕುಬ್ರಾ ಬೀಗೆ ಕಣ್ಣು ತುಂಬಿತು, ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಮುಂದಿನ ಸಂತೆಗೆ ಬಂಗಾರಮ್ಮ ಬಸ್ಸಿಳಿದು ಮೊದಲು ಬಂದದ್ದು ಕೊಡೆ ಅಂಗಡಿಗೆ. ಕೈಯಲ್ಲಿ ಹೊಸದಾಗಿ ಹೆಣೆಸಿದ ಒಂದು ದೊಡ್ಡ ಬಿದಿರು ಕುಕ್ಕೆ ಇತ್ತು. ಮಳೆಗೆ ಸಿಗದೆ ಉಳಿದ ಭತ್ತದ ಮಾತನ್ನು ಅವಳು ಎತ್ತಲೇ ಇಲ್ಲ. "ತಗೋ ಕುಬ್ರಮ್ಮಾ, ಇನ್ನು ಹದ್ದು ಬಂದ್ರೆ ಇದನ್ನ ಮರಿ ಮೇಲೆ ಕವುಚು. ಸಾಬ್ರ ಕೊಡೆಗೆ ಕೈ ಹಾಕಬೇಡ" ಅಂದಳು.

ಆಮೇಲೆ ಸಂತೆಯಲ್ಲಿ ತನ್ನ ಜಾಗಕ್ಕೆ ಹೋಗಿ, ಬುಟ್ಟಿ ಇಳಿಸುವ ಮುಂಚೆ ತಿರುಗಿ ಗಳದ ತುದಿ ನೋಡಿದಳು. ಕೊಡೆ ಮುಚ್ಚಿತ್ತು. ಬಂಗಾರಮ್ಮ ನಿಶ್ಚಿಂತೆಯಿಂದ ಕೂತು ಬಾಳೆಹಣ್ಣು ಹರಡಿದಳು.