ಮಾವನಿಗಿಂತ ಮುಂದೆ ನಡೆಯಬೇಕಾದ ಪಾದ

ಮೊದಲು ಸದ್ದು ಬರುತ್ತದೆ, ಆಮೇಲೆ ಕೋಣೆ. ಟಕ್, ಟಕ್, ಟಕ್. ಹುಣಸಮಾರನಹಳ್ಳಿಯ ಹತ್ತಿರದ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತ ಸಂಶೋಧನೆ ಮಾಡುತ್ತಿದ್ದ ಪ್ರಯೋಗಾಲಯ. ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದ ಒಂದು ಪಾದ, ಅದನ್ನು ಮೇಲಿನಿಂದ ಒತ್ತಿ ಬಿಡುತ್ತಿರುವ ಒಂದು ಸಲಾಕೆ. ಬೆರಳು, ಉಗುರು ಇರುವ ಪಾದವಲ್ಲ; ಗಾಜಿನ ನಾರಿನ ಬಟ್ಟೆಯನ್ನು ಪದರಪದರವಾಗಿ ಹಾಸಿ, ನಡುವೆ ರಾಳ ಸವರಿ, ಅಚ್ಚಿನಲ್ಲಿ ಗಟ್ಟಿ ಮಾಡಿದ ಬಾಗಿದ ಪಟ್ಟಿ. ನೆನಪಿನಲ್ಲಿ ಅದರ ಮೇಲೆ ಕಿಟಕಿಯ ಬಿಸಿಲು ಬೀಳುತ್ತಿದೆ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಇಂಥ ಪಟ್ಟಿ ಹೇಗೆ ಸೋಲುತ್ತದೆ ಎಂಬುದೇ ನನ್ನ ಸಂಶೋಧನೆ. ಕಬ್ಬಿಣವಾದರೆ ಮುರಿಯುವ ಮುಂಚೆ ಬಾಗಿ ಹೇಳುತ್ತದೆ. ಇದು ಹೇಳುವುದಿಲ್ಲ. ಒಳಗೆ ಒಂದೊಂದೇ ನಾರು ಹರಿಯುತ್ತದೆ, ಪದರಗಳು ಒಂದನ್ನೊಂದು ಬಿಡುತ್ತವೆ, ಹೊರಮೈ ನುಣುಪಾಗಿಯೇ ಇರುತ್ತದೆ, ಹೊರೆಯನ್ನೂ ಹೊರುತ್ತಿರುತ್ತದೆ. ಆಮೇಲೊಂದು ಹೆಜ್ಜೆ.

ಒಂದೇ ಅಚ್ಚಿನಿಂದ ಎರಡು ಪಾದ ತೆಗೆದಿದ್ದೆ. ಒಂದು ಯಂತ್ರಕ್ಕೆ, ಇನ್ನೊಂದು ಶೆಟ್ಟಿಹಳ್ಳಿಯಲ್ಲಿದ್ದ ನನ್ನ ಸೋದರಮಾವನಿಗೆ. ಮಾವ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಸಿತ್ತು. ಅವರ ಹಳೆಯ ರಬ್ಬರ್ ಪಾದ ಕಲ್ಲಿನಷ್ಟು ಭಾರ. ನನ್ನದು ಹಗುರ, ಸ್ಪ್ರಿಂಗಿನ ಹಾಗೆ ಹಿಮ್ಮಡಿಯನ್ನು ಎತ್ತಿ ಕೊಡುತ್ತಿತ್ತು. ನಾವು ಮಾಡಿಕೊಂಡ ಒಪ್ಪಂದ ಇಷ್ಟೇ: ಹೆಜ್ಜೆಯ ಲೆಕ್ಕದಲ್ಲಿ ಯಂತ್ರದ ಪಾದ ಯಾವಾಗಲೂ ಮಾವನಿಗಿಂತ ಮುಂದೆ ನಡೆದಿರಬೇಕು. ಅದು ಮುರಿದ ದಿನ ನಾನು ಫೋನು ಮಾಡುತ್ತೇನೆ, ಅವರು ತಮ್ಮದನ್ನು ಬಿಚ್ಚಿಡುತ್ತಾರೆ. ಮಾವ ಬೀದಿಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು: "ನನಗಿಂತ ಮುಂಚೆ ಸಾಯಕ್ಕೆ ಒಬ್ಬನ್ನ ಸಂಬಳ ಇಲ್ದೆ ಇಟ್ಟವ್ಳೆ ನಮ್ಮುಡುಗಿ."

ಆ ವರ್ಷ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು. ಸಲಾಕೆ ನಡುವೆಯೇ ನಿಂತುಬಿಡುತ್ತಿತ್ತು. ಮಾವ ನಿಲ್ಲುತ್ತಿರಲಿಲ್ಲ. ಹೊಸ ಪಾದ ಬಂದ ಮೇಲೆ ಅವರಿಗೆ ನಡಿಗೆಯ ಹುಚ್ಚು ಹಿಡಿದಿತ್ತು. ಬೆಳಗಾದರೆ ರೈಲು ಹಳಿ ದಾಟಿ ಕಾರ್ಖಾನೆಯ ಕಡೆ ಹೋಗಿ ಚಹಾ ಕುಡಿದು ಬರುವರು. ಸದ್ದಿಲ್ಲದ ಆ ಕೋಣೆಯಲ್ಲಿ ಕೂತಾಗೆಲ್ಲ ನನಗೆ ಅವರು ಹಳಿಯ ನಡುವೆ ಇರುವುದೇ ಕಾಣುತ್ತಿತ್ತು. ಆದರೂ ಯಂತ್ರ ತುಂಬ ಮುಂದಿತ್ತು. ಆಗಿನ್ನೂ ಆ ಧೈರ್ಯ ಇತ್ತು.

ಆಯುಧಪೂಜೆಗೆ ಮಾವ ನಮ್ಮ ಪ್ರಯೋಗಾಲಯಕ್ಕೆ ಬಂದರು. ಕಾರ್ಖಾನೆಯ ಪೂಜೆ ತಪ್ಪಿಹೋಗಿದೆ ಎಂಬ ಕೊರಗು ಅವರಿಗಿತ್ತು. ಅಲ್ಲಿಯ ಪದ್ಧತಿ ಕಟ್ಟುನಿಟ್ಟು: ಆ ದಿನ ಯಂತ್ರ ಓಡಬಾರದು, ಎಲ್ಲ ಹತಾರ ಬಿಚ್ಚಿ ಒರೆಸಬೇಕು, ಯಾವುದರ ಮೇಲೂ ಕಲೆ ಉಳಿಯಬಾರದು. ನಾನು ಬೂದುಗುಂಬಳ, ಕಡ್ಲೆಪುರಿ ತರಲು ಯಲಹಂಕಕ್ಕೆ ಹೋಗಿದ್ದೆ. ಬಂದು ನೋಡಿದರೆ ಯಂತ್ರ ಫಳಫಳ ಹೊಳೆಯುತ್ತಿದೆ. ಮಾವ ಸ್ಟೂಲಿನ ಮೇಲೆ ಕೂತಿದ್ದಾರೆ, ಎಡಗಡೆ ಪ್ಯಾಂಟಿನ ತುದಿ ಜೋತುಬಿದ್ದಿದೆ. ಎದುರಿಗೆ ಬಾಳೆ ಎಲೆಯ ಮೇಲೆ ಯಂತ್ರದ ಪಾದ, ಅವರ ಪಾದ, ಜೋಡಿಯಾಗಿ. ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ. ಎರಡನ್ನೂ ಥಿನ್ನರ್ ಹಾಕಿ ಒರೆಸಿದ್ದರು. ಯಾವುದು ಯಾವುದೆಂದು ನಾನು ಮಾರ್ಕರಿನಲ್ಲಿ ಬರೆದಿದ್ದ ಗುರುತುಗಳು ಹೋಗಿದ್ದವು. ಮಾವನದು ಬೂಟಿನೊಳಗೇ ನಡೆದದ್ದರಿಂದ ಅದರ ಮೇಲೆ ಗೀರೂ ಬಿದ್ದಿರಲಿಲ್ಲ.

ಬಲಗಡೆಯದು ತಮ್ಮದು ಎಂದರು ಮಾವ. ಆದರೆ ಮಂಗಳಾರತಿಗೆ ಅನುಕೂಲವಾಗಲೆಂದು ಎಲೆಯನ್ನು ಪೂಜೆಗೆ ಸೇರಿದ್ದವರಲ್ಲಿ ಯಾರೋ ತಿರುಗಿಸಿಟ್ಟಿದ್ದರು. ಯಾರು? ನೆನಪು ಪ್ರತಿ ಸಲ ಬೇರೆ ಮುಖ ತೋರಿಸುತ್ತದೆ. ಒಂದೆರಡು ಸಲ ಅಲ್ಲಿಗೆ ಬಂದೇ ಇರದ ನನ್ನ ಅಮ್ಮನ ಮುಖವನ್ನೂ ತೋರಿಸಿದೆ. ನಾವು ಇನ್ನೂ ಮಾತಾಡುತ್ತಿರುವಾಗಲೇ ಮಾವ ಒಂದನ್ನು ಎತ್ತಿಕೊಂಡು ಬೋಲ್ಟು ಬಿಗಿದರು.

ಅದನ್ನು ಒಮ್ಮೆ ಬಿಚ್ಚಿಸಿ, ಎರಡನ್ನೂ ನಾಣ್ಯದಿಂದ ಬಡಿದು ಕೇಳಿದೆ. ಒಂದೇ ನಾದ. ಒತ್ತಿ, ಎಷ್ಟು ಬಾಗುತ್ತವೆಂದು ಅಳೆದೆ. ಕೈಯಿಂದ ಹಾಸಿದ ಪದರಗಳಲ್ಲಿ ಹುಟ್ಟಿನಿಂದಲೇ ಅಷ್ಟಿಷ್ಟು ವ್ಯತ್ಯಾಸವಿರುತ್ತದೆ. ಬಂದ ಅಂಕಿ ದಣಿವನ್ನು ಹೇಳುತ್ತಿದೆಯೋ ಹುಟ್ಟುಗುಣವನ್ನೋ ತಿಳಿಯಲಿಲ್ಲ. ಹೊಸದು ಮಾಡಿಕೊಡುವವರೆಗೆ ಊರುಗೋಲು ಹಿಡಿಯಿರಿ ಎಂದು ಬೇಡಿಕೊಂಡೆ. ಹಳೆಯ ರಬ್ಬರ್ ಪಾದವನ್ನು ಅವರು ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದರು.

"ಕೋಲು ಇಡ್ಕೊಂಡು ಕೂತಿದ್ದೆಲ್ಲ ಮುಗೀತು ಕಣಮ್ಮಾ. ಮಾಡೋದೇನೈತೋ ಬೇಗ ಮಾಡು. ಅಲ್ಲೀಗಂಟ ಇದನ್ನ ನಾನು ಬಿಚ್ಚಲ್ಲ."

ಹೊಸ ಪಾದಕ್ಕೆ ಬಟ್ಟೆ ಕತ್ತರಿಸಿದೆ. ರಾಳ ಆತುರಕ್ಕೆ ಬಗ್ಗುವುದಿಲ್ಲ. ಅದು ತನ್ನ ಹೊತ್ತಿಗೆ ಗಟ್ಟಿಯಾಗಬೇಕು. ಉಳಿದಿದ್ದ ಪಾದವನ್ನು ಯಂತ್ರಕ್ಕೆ ಬಿಗಿದು ಓಡಿಸಿದೆ. ಈಗ ಲೆಕ್ಕವೇ ತಿರುಗಿತ್ತು. ಇದು ಬೇಗ ಮುರಿದರೆ, ಮೊದಲಿನಿಂದ ಯಂತ್ರದಲ್ಲಿ ನಡೆದು ದಣಿದದ್ದು ಇಲ್ಲಿಯೇ ಇದೆ, ಮಾವ ಕ್ಷೇಮ. ಮುರಿಯದೆ ನಡೆದಷ್ಟು ದಿನವೂ ದಣಿದದ್ದು ಶೆಟ್ಟಿಹಳ್ಳಿಯಲ್ಲಿ ನಡೆಯುತ್ತಿದೆ. ಪ್ರತಿ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಕಿವಿಯಿಟ್ಟು ಕೇಳುತ್ತಿದ್ದೆ, ಸದ್ದು ನಿಂತಿರಲಿ ಎಂದು. ಟಕ್, ಟಕ್, ಟಕ್. "ಒಳ್ಳೇ ಮೆಟೀರಿಯಲ್ ಮಾಡಿದ್ದೀರ ಮೇಡಂ, ಜಗ್ಗೋದೇ ಇಲ್ಲ," ಎಂದರು ಪಕ್ಕದ ಕೋಣೆಯ ಸಹೋದ್ಯೋಗಿ.

ಹೊಸ ಪಾದ ಅಚ್ಚಿನಿಂದ ಹೊರಬಂದ ಮರುದಿನ ಬೆಳಿಗ್ಗೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಶೆಟ್ಟಿಹಳ್ಳಿಗೆ ಹೋದೆ. ವಾಕಿಂಗ್ ಹೋಗಿದ್ದಾರೆ ಎಂದರು ಅತ್ತೆ. ಹಳಿಯ ಕಡೆಗೆ ನಡೆದೆ. ಓಡಿದೆ ಎಂದು ಬರೆಯಬಹುದು. ಓಡಲಿಲ್ಲ, ಓಡಿದರೆ ಏನೋ ಆಗಿಬಿಡುತ್ತದೆ ಎಂಬ ಭಯ. ಮಾವ ಆಚೆ ಬದಿಯಲ್ಲಿದ್ದರು. ನನ್ನನ್ನು ಕಂಡು ಕೈಯೆತ್ತಿ, ಜಲ್ಲಿಕಲ್ಲಿನ ಮೇಲೆ ಕಾಲಿಟ್ಟು, ಹಳಿಗಳ ನಡುವೆ ಬಂದರು. ನಾರು ಹರಿಯುವ ಸದ್ದು ನನಗೆ ಚೆನ್ನಾಗಿ ಗೊತ್ತು, ಒಣ ಕಡ್ಡಿ ಮುರಿದಂತೆ. ಅದು ಆಗ ಕೇಳಿಸಿತು ಎಂದು ಬಹಳ ಕಾಲ ಎಲ್ಲರಿಗೂ ಹೇಳುತ್ತಿದ್ದೆ. ಅಷ್ಟು ದೂರಕ್ಕೆ ಅದು ಕೇಳಿಸುವುದಿಲ್ಲ. ಮಾವ ದಾಟಿ ಬಂದರು, ಅಷ್ಟೇ.

ಕಲ್ಲಿನ ಮೇಲೆ ಕೂರಿಸಿ ಪಾದ ಬಿಚ್ಚಿದೆ. ಹಿಮ್ಮಡಿಯನ್ನು ಬೆರಳಿನಿಂದ ಒತ್ತಿದಾಗ ಅಂಚು ಬಿಚ್ಚಿಕೊಂಡಿತು, ನೆನೆದು ಒಣಗಿದ ಪುಸ್ತಕದ ಹಾಳೆಗಳಂತೆ. ಮಾವ ಬಗ್ಗಿ ನೋಡಿದರು. ಹಳಿಯ ಕಡೆ ಒಮ್ಮೆ ನೋಡಿದರು.

"ಇದರ ಮ್ಯಾಲೇ ಬಂದ್ನಾ?"

"ಹ್ಞೂಂ ಮಾವ."

ಹೊಸದನ್ನು ಕಟ್ಟಿಸಿಕೊಂಡರು. ಎದ್ದು ನಿಂತು ಭಾರ ಹಾಕಿ ನೋಡಿದರು. ಆಮೇಲೆ ಕೇಳಿದರು: "ಇದರ ಜೋಡಿ ಓಡ್ತಾ ಐತಾ ಅಲ್ಲಿ?"

ಆತುರದಲ್ಲಿ ಅಚ್ಚಿನಿಂದ ಒಂದನ್ನೇ ತೆಗೆದಿದ್ದೆ. ಹಾಗೆಂದು ಹೇಳಿದೆ. ಮಾವ ತಲೆಯಾಡಿಸಿ ಮನೆಯ ದಾರಿ ಹಿಡಿದರು. ಬೇಗ ಬೇಗ ನಡೆಯುತ್ತಿದ್ದರು. ಅವರ ಮುಂದೆ ಯಾರೂ ನಡೆಯುತ್ತಿರಲಿಲ್ಲ.