ಖಾಲಿ ತಾಟಿನ್ಯಾಗಿನ ಕೆಂಪು ಎಳಿ

ಪ್ರಯೋಗಾಲಯದಾಗ ನನ್ನ ಕೆಲಸ ಏನಂದ್ರ, ಗೋವಾದ ಸಮುದ್ರದಂಡಿ ಉಸುಕಿನ್ಯಾಗ ಪ್ಲಾಸ್ಟಿಕ್ ಹುಡುಕೂದು. ಉಸುಕನ್ನ ಉಪ್ಪುನೀರಾಗ ಕದಡಿ, ತೇಲಿ ಬಂದಿದ್ದನ್ನ ಸೋಸಿ, ಸೂಕ್ಷ್ಮದರ್ಶಕದಾಗ ನೋಡೂದು. ಸಾಸಿವಿಗಿಂತ ಸಣ್ಣ ಚೂರು, ಕೂದಲಕ್ಕಿಂತ ತೆಳ್ಳನ ಎಳಿ. ನನ್ನ ಕಣ್ಣು ತಪ್ಪಿಸಿ ಒಂದೂ ಹೋಗಂಗಿಲ್ಲ ಅಂತ ಭಾಳ ಸೊಕ್ಕಿತ್ತು ನನಗ.

ಪಾಲಿಸ್ಟರ್ ಬಟ್ಟಿ ಉಟಗೊಂಡು ಒಳಗ ಬರಂಗಿಲ್ಲ ಅಂತ ಅಲ್ಲಿ ಕಟ್ಟುನಿಟ್ಟು. ಅದೂ ಪ್ಲಾಸ್ಟಿಕ್ಕ, ಎಳಿ ಉದುರಿದ್ರ ಉಸುಕಿನ ಮಾದರಿ ಕೆಡತಾವು. ಗಾಳಿಯಿಂದ ಏನರ ಬೀಳತೈತೇನು ನೋಡಾಕ ಮೇಜಿನ ಮ್ಯಾಲೆ ಒಂದು ಖಾಲಿ ಗಾಜಿನ ತಾಟು ತೆರದ ಇಡತೇವಿ.

ಅವ್ವ ತೀರಿಕೊಂಡ ಮ್ಯಾಲೆ, ತಿಂಗಳಾ ಆಕಿ ತಿಥಿ ದಿನ ಆಕಿ ಕೆಂಪು ರೇಷ್ಮಿ ಸೀರಿ ಉಟ್ಟು, ಎಡಿ ಇಟ್ಟು, ಹಂಗ ಕೆಲಸಕ್ಕ ಹೋಗತಿದ್ದೆ. ಇಲ್ಲೇ ಗೋವಾದ ಮ್ಹಾಪಸಾ ಪ್ಯಾಟ್ಯಾಗ ಹಮಾಲಿ ಮಾಡೂ ಅಪ್ಪ, ಮದುವ್ಯಾದ ಹೊಸದಾಗ ಶುಕ್ರವಾರದ ಸಂತ್ಯಾಗ ಆಕಿಗೆ ತಂದಿದ್ದು ಅದು. ಖರೇ ರೇಷ್ಮಿ ಅಂತ ಅವ್ವ ಓಣಿಗೆಲ್ಲಾ ಹೇಳಿದ್ದಳು, ಯಾರಿಗೂ ಮುಟ್ಟಾಕ ಕೊಡತಿರಲಿಲ್ಲ. ರೇಷ್ಮಿ ಅಂದ್ರ ಮಡಿ. ಮಡಿ ಬಟ್ಟಿಯಿಂದ ಏನು ಕೆಡತೈತಿ ಅಂತ ನಾನೂ ತಲಿ ಕೆಡಿಸಿಕೊಳ್ಳಲಿಲ್ಲ. ಭಾಳ ಶಾಣ್ಯಾಕಿ ನೋಡ್ರಿ ನಾನು.

ಐದನೇ ತಿಂಗಳ ತಿಥಿ ದಿನ ನಮ್ಮ ಮೇಡಂ ಕರದ್ರು. ತಿಂಗಳಿಗೊಂದು ದಿನ ಖಾಲಿ ತಾಟಿನ್ಯಾಗ ಕೆಂಪು ಎಳಿ ಬೀಳಾಕತ್ತಾವು, ಯಾಕಿರಬೇಕು ಅಂತ ಕೇಳಿದವರ ಕಣ್ಣು ನನ್ನ ಸೆರಗಿನ ಮ್ಯಾಲೆ ನಿಂತವು. ಸೆರಗಿನ ಒಂದು ಎಳಿ ಕಿತ್ತು ನಾನ ಯಂತ್ರದ ಕೆಳಗ ಇಟ್ಟೆ. ಅದು ಬೆಳಕು ಬಿಟ್ಟು, ಗೆರಿ ಬರದು, ವಸ್ತು ಯಾವುದು ಅಂತ ಹೇಳತೈತಿ. ಪಾಲಿಸ್ಟರ್ ಅಂತು. ಮತ್ತೊಂದು ಇಟ್ಟೆ. ಅದೂ ಪಾಲಿಸ್ಟರ್.

ಆ ಐದೂ ದಿನದ ಮಾದರಿ ಚೆಲ್ಲಬೇಕಾತು. ಮೇಡಂ ಬೈದಿದ್ರ ಚಲೋ ಇತ್ತು, ಬೈಲಿಲ್ಲ. ನನಗ ಅಳು ಬಂದದ್ದು ಅದಕ್ಕಲ್ಲ. ಅವ್ವನ ಜೀವನದಾಗ ದೊಡ್ಡಸ್ತನ ಅಂತ ಇದ್ದದ್ದು ಆ ಒಂದು ಸೀರಿ. ಅಪ್ಪಗ ಹ್ಯಾಂಗ ಹೇಳಲಿ?

ಮುಂದಿನ ತಿಥಿಗೆ ಹತ್ತಿ ಸೀರಿ ಉಟ್ಟೆ. ಅಪ್ಪ ಟ್ರಂಕಿನ್ಯಾಗಿನ ಕೆಂಪು ಸೀರಿ ತಂದು, ಇದ್ಯಾಕ ಉಡಲಿಲ್ಲ ಅಂತ ಕೇಳಿದ. ಸುಳ್ಳು ಹೇಳಾಕ ಬಾಯಿ ಬರಲಿಲ್ಲ, ಎಲ್ಲಾ ಹೇಳಿಬಿಟ್ಟೆ. ಅಪ್ಪ ಸೀರಿ ಸವರಿ, ಮಡಚಿ, ತೊಡಿ ಮ್ಯಾಲೆ ಇಟಗೊಂಡ. ಮೆಲ್ಲಕ ಅಂದ:

"ನಿಮ್ಮವ್ವಗ ಮಾತ್ರ ಹೇಳಬ್ಯಾಡವಾ."

ಇಲ್ಲಪ್ಪ, ಹೇಳಂಗಿಲ್ಲ ಅಂದೆ. ಎಡಿ ಇಡೂ ಮುಂದ ಫೋಟೋದಾಗಿನ ಅವ್ವನ ಮಾರಿ ನೋಡಾಕ ನನ್ನ ಕೈಲೆ ಆಗಲಿಲ್ಲ.